ಭುರ್ಯಾ ಸುಮ್ಮನಾದ ದಿನ

ಬೀದರಿನಲ್ಲಿ ನಾನು ಸಾಕುನಾಯಿಗಳಿಗೆ ಕಲಿಸುವ ಕೆಲಸ ಮಾಡುತ್ತೇನೆ. ಕರೆದರೆ ಬರುವುದು, ಬಾಗಿಲಲ್ಲಿ ಕೂರುವುದು, ಹಗ್ಗ ಜಗ್ಗದೆ ಜೊತೆಗೆ ನಡೆಯುವುದು, ಬಂದವರ ಮೈಮೇಲೆ ಹಾರದಿರುವುದು, ಇಷ್ಟೇ. ಹೈದರಾಬಾದಿನ ಹೊರಗೆ ಕಾವಲುನಾಯಿಗಳನ್ನು ತಯಾರು ಮಾಡುವ ಒಂದು ಶೆಡ್ಡಿನಲ್ಲಿ ಕಲಿತು ಬಂದವನು ನಾನು. ಇಲ್ಲಿ ಹೇಳುತ್ತಿರುವುದು ಒಂದು ಬೇಸಿಗೆಯಲ್ಲಿ, ಏಳು ವಾರಗಳಲ್ಲಿ, ಒಂದೇ ನಾಯಿಯ ಜೊತೆ ನಡೆದದ್ದು. ಇದನ್ನು ಬಹಳ ದಿನ ನನ್ನ ಹೆಂಡತಿಗೂ ಪೂರ್ತಿ ಹೇಳಿರಲಿಲ್ಲ.

ಏಪ್ರಿಲ್ ನಡುವೆ ಒಬ್ಬ ಟೀಚರ್ ಫೋನ್ ಮಾಡಿ ಮನೆಗೆ ಕರೆಸಿಕೊಂಡರು. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವರು, ಐವತ್ತರ ಹತ್ತಿರದ ವಯಸ್ಸು, ಮನೆಯಲ್ಲಿ ಅವರು ಮತ್ತು ನಾಯಿ ಇಬ್ಬರೇ. ನಡುಮನೆಯಲ್ಲಿ ಬುದ್ಧನ ಪಟದ ಕೆಳಗಿನ ತಂಪು ಕಲ್ಲಿನ ಮೇಲೆ ಕಂದು ಬಣ್ಣದ ಊರನಾಯಿಯೊಂದು ಮಲಗಿತ್ತು. ಹೆಸರು ಭುರ್ಯಾ. ನಾನು ಒಳಗೆ ಬಂದಾಗ ಎದ್ದು, ನನ್ನ ಚಪ್ಪಲಿ ಮೂಸಿ, ಬಾಲ ಅಲ್ಲಾಡಿಸಿದ. ಇದನ್ನು ಯಾಕೆ ಹೇಳುತ್ತೇನೆಂದರೆ, ಅವನು ನನ್ನನ್ನು ನೋಡಿ ಬಾಲ ಅಲ್ಲಾಡಿಸಿದ್ದು ಅದೊಂದೇ ದಿನ.

"ಮನ್ಯಾಗ ಹುಲಿ ಇದ್ದಂಗ ಇರ್ತಾನ್ರಿ," ಎಂದರು ಟೀಚರ್. "ಈ ಓಣಿ ದಾಟಿದ್ರ ಮುಗೀತು. ನೆಲಕ್ಕ ಅಂಟ್ಕೊಂಡು ಕೂಡ್ತಾನ. ಜೊಲ್ಲು ಸೋರತದ, ಮೈಯೆಲ್ಲಾ ನಡುಗತದ. ದವಾಖಾನಿಗಿ ಆಟೋದಾಗ ಕರ್ಕೊಂಡು ಹೋದಾಗ ನನ್ನ ಕೈನ ಕಚ್ಚಿಬಿಟ್ಟ."

ಮೂರು ವರ್ಷದ ಹಿಂದೆ ಬಗದಲ್ ಹತ್ತಿರ ಹಾಳುಬಾವಿಯೊಂದರಲ್ಲಿ ಬಿದ್ದಿದ್ದ ಮರಿ ಅವನು. ಎರಡು ದಿನ ಅಲ್ಲೇ ಒದ್ದಾಡಿದ್ದನಂತೆ. ಸಂಬಂಧಿಕರ ಹೊಲಕ್ಕೆ ಹೋಗಿದ್ದ ಟೀಚರ್ ಕೂಗು ಕೇಳಿ ಬುಟ್ಟಿ ಇಳಿಸಿ ತೆಗೆಸಿದ್ದರು. ಈಗ ಅವರಿಗೆ ಔರಾದಿಗೆ ವರ್ಗವಾಗಿತ್ತು. ಶಾಲೆ ಶುರುವಾಗುವುದರೊಳಗೆ ಹೋಗಬೇಕು. ಅಲ್ಲಿ ಮನೆ ಕೊಡುವವರು ನಾಯಿ ಕಚ್ಚದಿದ್ದರೆ, ಬೊಗಳಿ ರಂಪ ಮಾಡದಿದ್ದರೆ ಆಗಬಹುದು ಎಂದಿದ್ದರು.

"ಮನಿಯವರೆಲ್ಲ ಬಗದಲ್ ಹೊಲದಾಗ ಬಿಟ್ಟು ಹೋಗು ಅಂತಾರ್ರಿ. ಬಾವ್ಯಾಗಿಂದ ತೆಗಸಿದಾಕಿ ನಾನು. ಮತ್ತ ಅಲ್ಲೇ ಬಿಟ್ಟು ಬರ್ಲ್ಯಾ?"

ನಾನು ಎರಡನೇ ಸಲ ಯೋಚಿಸಲಿಲ್ಲ. "ಹದಿನೈದು ದಿವಸ ನನ್ ಕಡಿ ಬಿಡ್ರಿ ಮೇಡಂ. ಅಂಜಿಕಿ ಮುರದು ಕೊಡ್ತೇನಿ," ಎಂದೆ. ಮುರಿಯುವುದು ಎಂಬ ಮಾತನ್ನೇ ಬಳಸಿದೆ. ಶೆಡ್ಡಿನಲ್ಲಿ ನಾವೆಲ್ಲ ಹಾಗೆಯೇ ಮಾತಾಡುತ್ತಿದ್ದೆವು.

ನನ್ನ ವಿಧಾನ ಸರಳವಾಗಿತ್ತು. ಯಾವುದಕ್ಕೆ ಅಂಜುತ್ತದೋ ಅದರ ನಡುವೆ ನಿಲ್ಲಿಸು. ಓಡಲು ಬಿಡಬೇಡ. ಏನೂ ಆಗುವುದಿಲ್ಲ ಎಂದು ತಾನೇ ತಿಳಿದುಕೊಳ್ಳುತ್ತದೆ. ಎಳೆದರೆ ಕೊರಳಿಗೆ ಬಿಗಿಯುವ ಸರಪಳಿ ಹಾಕಿದೆ. ನನ್ನ ಬೈಕಿನ ಹಿಂದೆ ಕಬ್ಬಿಣದ ಜಾಲರಿಯ ಪೆಟ್ಟಿಗೆಯೊಂದಿದೆ. ಅದರಲ್ಲಿ ಅವನನ್ನು ಕೂರಿಸಿ ಮೊದಲ ದಿನ ಬೀದರ್ ಕೋಟೆಯ ಬಾಗಿಲಿಗೆ ಒಯ್ದೆ, ಮರುದಿನ ಗಂಜ್ ಮಾರುಕಟ್ಟೆಗೆ, ಅದರ ಮರುದಿನ ಬಸ್ ಸ್ಟ್ಯಾಂಡಿಗೆ. ಬೈಕ್ ನಿಲ್ಲಿಸಿ, ಕೀಲಿ ಗೊಂಚಲು ಸೊಂಟಕ್ಕೆ ಸಿಕ್ಕಿಸಿ, ಪೆಟ್ಟಿಗೆ ತೆಗೆದು ಅವನನ್ನು ಇಳಿಸುತ್ತಿದ್ದೆ. ಅವನು ಉಗುರುಗಳನ್ನು ಸಿಮೆಂಟಿಗೆ ಒತ್ತಿ ಹಿಂದಕ್ಕೆ ಜಗ್ಗುತ್ತಿದ್ದ. ನಾನು ಮುಂದಕ್ಕೆ ಜಗ್ಗುತ್ತಿದ್ದೆ. ನೋಡುವವರು ನಿಲ್ಲುತ್ತಿದ್ದರು. ನನಗೆ ಅದು ಹಿತವಾಗಿಯೇ ಇತ್ತು ಎಂದು ಈಗ ಒಪ್ಪಿಕೊಳ್ಳಬೇಕು. ಕೆಲಸ ಗೊತ್ತಿರುವವನು ಎಂಬ ಹಾಗೆ ಹಗ್ಗ ಗಿಡ್ಡ ಹಿಡಿದು ನಿಲ್ಲುತ್ತಿದ್ದೆ.

ಐದನೇ ದಿನ ಭುರ್ಯಾ ಜಗ್ಗುವುದನ್ನು ಬಿಟ್ಟ. ಬಸ್ ಸ್ಟ್ಯಾಂಡಿನ ಕಂಬದ ಪಕ್ಕ ಹೊಟ್ಟೆ ನೆಲಕ್ಕೆ ಹಚ್ಚಿ, ಗದ್ದ ಕಾಲಮೇಲಿಟ್ಟು ಮಲಗಿದ. ಕಲಬುರಗಿ ಬಸ್ಸು ಎರಡು ಮಾರು ದೂರದಲ್ಲಿ ಹಾರ್ನ್ ಹೊಡೆದರೂ ಅಲ್ಲಾಡಲಿಲ್ಲ. ನಾನು ಫೋನ್ ತೆಗೆದು ಇಪ್ಪತ್ತು ಸೆಕೆಂಡಿನ ವಿಡಿಯೋ ಮಾಡಿ ಟೀಚರಿಗೆ ಕಳಿಸಿದೆ. ಅವರು ತಕ್ಷಣ ಫೋನ್ ಮಾಡಿದರು. ದನಿ ಒದ್ದೆಯಾಗಿತ್ತು. "ಏನ್ ಜಾದೂ ಮಾಡೀರಿ ಸರ್," ಎಂದರು.

ನಾನು ನೋಡಿದ್ದು ಇನ್ನೂ ಇತ್ತು. ಅವನ ಕಣ್ಣಿನ ಬಿಳಿಭಾಗ ಚಂದ್ರನ ಚೂರಿನ ಹಾಗೆ ಹೊರಗೆ ಬಂದಿತ್ತು. ಕಿವಿ ತಲೆಗೆ ಅಂಟಿದ್ದವು. ಬಿಸಿಲೇರುವ ಮೊದಲೇ ಮೇಲಿಂದ ಮೇಲೆ ಆಕಳಿಸುತ್ತಿದ್ದ, ತುಟಿ ನೆಕ್ಕಿಕೊಳ್ಳುತ್ತಿದ್ದ. ಮೂಗಿನ ಮುಂದೆ ಮಟನ್ ಚೂರು ಹಿಡಿದರೆ ಮುಖ ತಿರುಗಿಸಿದ. ಹಸಿದ ನಾಯಿ ಮಟನ್ ಬಿಡುವುದು ಯಾವಾಗ ಎಂದು ನನ್ನ ಕಸುಬಿನವನಿಗೆ ಗೊತ್ತಿರುತ್ತದೆ. ಗೊತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ವಿಡಿಯೋ ಮಾಡುವಾಗ ಕಣ್ಣು ಕಾಣದಂತೆ ಹಿಂದಿನಿಂದ ಮಾಡಿದ್ದೆ.

ಒಂಬತ್ತನೇ ದಿನ ಅವನನ್ನು ಭಾಲ್ಕಿಗೆ ಒಯ್ದೆ. ಬೇರೆ ಊರಿನ ಪೇಟೆಯಲ್ಲಿ ಹೀಗೆಯೇ ಮಲಗಿದರೆ ಟೀಚರನ್ನು ಕರೆಸಿ ತೋರಿಸಿ ಒಪ್ಪಿಸಿಬಿಡಬಹುದು ಎಂಬುದು ನನ್ನ ಲೆಕ್ಕ. ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಹೋಟೆಲಿನ ಮುಂದಿನ ಕಂಬಕ್ಕೆ ಕಟ್ಟಿದೆ. ಬಿಗಿಯುವ ಸರಪಳಿ ತೆಗೆದು, ನೋಡಲು ಚೆಂದ ಇರಲಿ ಎಂದು ಚರ್ಮದ ಬೆಲ್ಟ್ ಹಾಕಿದ್ದೆ. ಅವನು ಮಲಗಿದ. ನಾನು ಒಳಗೆ ಹೋಗಿ ಚಹಾ ಹೇಳಿದೆ.

ಹೊರಗೆ ಲಾರಿಯೊಂದರ ಟೈರ್ ಒಡೆಯಿತು. ನಾನು ಬಾಗಿಲಿಗೆ ಬರುವಷ್ಟರಲ್ಲಿ ಭುರ್ಯಾ ಹಿಂದಕ್ಕೆ ಜಗ್ಗಿ ಬೆಲ್ಟಿನಿಂದ ತಲೆ ಬಿಡಿಸಿಕೊಂಡು ರಸ್ತೆ ದಾಟಿದ್ದ. ಒಬ್ಬ ಬೈಕಿನವನು ಅವನನ್ನು ತಪ್ಪಿಸಲು ಹೋಗಿ ಬಿದ್ದ. ನಾನು ಅವನನ್ನು ಎಬ್ಬಿಸಿ ತಲೆಯೆತ್ತುವಷ್ಟರಲ್ಲಿ ನಾಯಿ ಕಾಣಲಿಲ್ಲ. ಕಂಬದಲ್ಲಿ ಬೆಲ್ಟು ತೂಗುತ್ತಿತ್ತು.

ಅಂದು ಸಂಜೆಯವರೆಗೆ ಭಾಲ್ಕಿಯ ಓಣಿ ಓಣಿ ತಿರುಗಿದೆ. ಆರು ಗಂಟೆಗೆ, ದಿನವೂ ಮಾಡುವ ಹಾಗೆ, ಟೀಚರ್ ಫೋನ್ ಮಾಡಿದರು.

"ಹ್ಯಾಂಗ ಅದಾನ್ರಿ ನಮ್ಮ ಭುರ್ಯಾ?"

"ಚಲೋ ಅದಾನ್ರಿ ಮೇಡಂ. ಊಟ ಮಾಡಿ ಮಲ್ಕೊಂಡಾನ."

ಮಾತು ಎಷ್ಟು ಸಲೀಸಾಗಿ ಬಂತೆಂದರೆ ನನಗೇ ಗಾಬರಿಯಾಯಿತು. ಎರಡನೇ ದಿನವೂ ಅದನ್ನೇ ಹೇಳಿದೆ. ಜೊತೆಗೆ, ಇವತ್ತು ಚಪಾತಿ ಹೆಚ್ಚಿಗೆ ತಿಂದ ಎಂದು ಸೇರಿಸಿದೆ.

ಮೂರನೇ ದಿನ ಬೆಳಿಗ್ಗೆ, ನಾನು ನಂಬರ್ ಕೊಟ್ಟು ಬಂದಿದ್ದ ಒಬ್ಬ ಪಂಕ್ಚರ್ ಅಂಗಡಿಯವನು ಫೋನ್ ಮಾಡಿದ. ಔರಾದ್ ಕಡೆ ಹೋಗುವ ರಸ್ತೆಯಲ್ಲಿ ಕುರಿ ಹಿಂಡೊಂದು ಇಳಿದಿದೆ, ಅದರೊಳಗೆ ಕಂದು ನಾಯಿಯೊಂದು ಹೊಸದಾಗಿ ಸೇರಿದೆ ಎಂದ. ಕೊಯ್ಲಾದ ತೊಗರಿ ಹೊಲವೊಂದರಲ್ಲಿ ಹಿಂಡು ಮೇಯುತ್ತಿತ್ತು. ಹಿಂಡಿನವರು ಎಕಂಬಾ ಊರಿನ ಗಂಡ ಹೆಂಡತಿ. ಗಂಡ ಕುರಿಗಳ ಹಿಂದೆ ದೂರದಲ್ಲಿದ್ದ. ಹೆಂಡತಿ ಬೇವಿನ ಗಿಡದ ಕೆಳಗೆ ಕಂಬಳಿ ಹಾಸಿ ಕೂತಿದ್ದಳು. ಕಂಬಳಿಯ ತುದಿಯಲ್ಲಿ ಅವರ ಎರಡು ನಾಯಿಗಳು, ಮೂರನೆಯವನಾಗಿ ಭುರ್ಯಾ. ಒಂದು ಪಕ್ಕಕ್ಕೆ ಹೊರಳಿ, ಕಾಲು ಚಾಚಿ ಮಲಗಿದ್ದ. ನನ್ನ ಹತ್ತಿರವಿದ್ದ ಒಂಬತ್ತು ದಿನಗಳಲ್ಲಿ ಅವನು ಹಾಗೆ ಮಲಗಿದ್ದನ್ನು ನಾನು ನೋಡಿರಲಿಲ್ಲ.

ನಾನು ಬೈಕ್ ನಿಲ್ಲಿಸಿ ಕೀಲಿ ತೆಗೆದೆ. ಅವನು ಥಟ್ಟನೆ ಎದ್ದ. ನಿಂತಲ್ಲೇ ಉಚ್ಚೆ ಹೊಯ್ದುಕೊಂಡ. ಆಮೇಲೆ ಬಾಲ ಹೊಟ್ಟೆಗೆ ಸೇರಿಸಿ ಆ ಹೆಂಗಸಿನ ಬೆನ್ನ ಹಿಂದೆ ಹೋಗಿ ಕೂತ.

ಆಕೆ ಒಮ್ಮೆ ಅವನನ್ನು ನೋಡಿದಳು, ಒಮ್ಮೆ ನನ್ನನ್ನು. "ಯಾಂವಪ್ಪಾ ನೀ? ಈ ಮೂಕಪ್ರಾಣಿಗಿ ಏನ್ ಮಾಡೀದಿ?"

"ನಾನ... ನಾಯಿಗೋಳಿಗಿ ಕಲಸಾಂವ ಇದೀನಿ ಬೇ," ಎಂದೆ.

"ಏನ್ ಕಲಸೀದಿ? ನಿನ್ನ ನೋಡಿ ಉಚ್ಚಿ ಹೊಯ್ಕೋಳ್ದು ಕಲಸೀದಿ?"

ಭುರ್ಯಾನನ್ನು ಕರೆದೆ. ಬರಲಿಲ್ಲ. ಹತ್ತಿರ ಹೋದರೆ ಎದ್ದು ಕುರಿಗಳ ನಡುವೆ ನುಗ್ಗುತ್ತಿದ್ದ. ಬಿಸಿಲೇರಿತು. ಮಧ್ಯಾಹ್ನದ ನಂತರ ಹಿಂಡು ಮುಂದಿನ ಹೊಲಕ್ಕೆ ಹೊರಟಿತು. ಅಲ್ಲಿ ಗೊಬ್ಬರಕ್ಕೆಂದು ಹೊಲದವರು ಕುರಿಗಳನ್ನು ರಾತ್ರಿ ಹೊಲದಲ್ಲೇ ತರುಬಲು ಕರೆದಿದ್ದರಂತೆ. ನನಗೆ ಬೇರೆ ದಾರಿ ಇರಲಿಲ್ಲ. ಬೈಕನ್ನು ಬೇವಿನ ಗಿಡದ ಕೆಳಗೆ ಬಿಟ್ಟು, ಕಲ್ಲೆಸೆತದಷ್ಟು ಹಿಂದೆ ಉಳಿದು ನಡೆದೆ.

ಹೊಸ ಹೊಲ ಡಾಂಬರು ರಸ್ತೆಗೆ ಹತ್ತಿಕೊಂಡೇ ಇತ್ತು. ಲಾರಿ, ಬಸ್ಸು, ಟ್ರ್ಯಾಕ್ಟರು ಬಿಡುವಿಲ್ಲದೆ ಓಡಾಡುತ್ತಿದ್ದವು. ಭುರ್ಯಾ ಬದುವಿನ ಮೇಲೆ ನಿಂತುಬಿಟ್ಟ. ಕಿವಿ ಹಿಂದಕ್ಕೆ ಹೋದವು. ಇನ್ನು ಓಡುತ್ತಾನೆ ಎಂದುಕೊಂಡೆ. ಆಕೆ ಅವನ ಕಡೆ ತಿರುಗಿಯೂ ನೋಡಲಿಲ್ಲ. ಹೆಗಲ ಮೇಲಿನ ಕಂಬಳಿ ತೆಗೆದು ಎರಡು ಸಲ ಝಾಡಿಸಿದಳು. ಹಾಸಿದಳು. ಕೋಲನ್ನು ಕಂಬಳಿಯ ಪಕ್ಕ ಊರಿದಳು. "ಬರ್ರ್ಯೋ" ಎಂದು ಕೂಗಿ ಬುತ್ತಿ ಬಿಚ್ಚಿದಳು. ಅವರ ಎರಡು ನಾಯಿಗಳು ಬಂದು ತಮ್ಮ ಜಾಗದಲ್ಲಿ ಕೂತವು. ಭುರ್ಯಾ ಸ್ವಲ್ಪ ಹೊತ್ತು ನಿಂತು ನೋಡಿದ. ಆಮೇಲೆ ನಡೆದು ಬಂದು ಕಂಬಳಿಯ ಅದೇ ತುದಿಯಲ್ಲಿ ಮಲಗಿದ. ಆಕೆ ಜೋಳದ ರೊಟ್ಟಿ ಮುರಿದು ಮೂವರಿಗೂ ಹಾಕಿದಳು. ತಿಂದ. ರಸ್ತೆಯಲ್ಲಿ ಲಾರಿ ಹೋಯಿತು. ಒಮ್ಮೆ ತಲೆಯೆತ್ತಿ ನೋಡಿ, ಮತ್ತೆ ತಿಂದ.

ನಾನು ದೂರದಿಂದಲೇ ಕೇಳಿದೆ: "ಯಕ್ಕಾ, ಇದು ಅವಂಗ ಹೊಸಾ ಜಾಗ ಅಲ್ಲ? ಹ್ಯಾಂಗ ಅಂಜಲಿಲ್ಲ?"

"ಜಾಗ ಹೊಸದೇ ಅದ. ನಮ್ಗೂ ಹೊಸದೇ," ಎಂದಳು. "ಎರಡ ದಿನಕ್ಕೊಂದು ಹೊಲ ನಮ್ದು. ಆದ್ರ ಎಲ್ಲೇ ಹೋಗ್ಲಿ, ಮೊದಲ ಕಂಬಳಿ ಝಾಡಸ್ತೇನಿ, ಆಮ್ಯಾಲ ಹಾಸ್ತೇನಿ, ಆಮ್ಯಾಲ ರೊಟ್ಟಿ ಕೊಡ್ತೇನಿ. ಒಂದು ದಿನಾನೂ ಹೆಚ್ಚುಕಡಿಮಿ ಮಾಡಂಗಿಲ್ಲ. ಮುಂದ ಏನ್ ಆಗ್ತದ ಅಂತ ಗೊತ್ತಾದ್ರ ಅದ್ಯಾಕ ಅಂಜ್ತದ? ನಿಂಗ ಗೊತ್ತಿಲ್ದ ಕಡಿ ಕುತ್ಗಿ ಹಿಡ್ದು ಒಯ್ದ್ರ ನೀ ಅಂಜಂಗಿಲ್ಲ?"

ಮೂರು ದಿನದ ಪರಿಚಯದ ನಾಯಿ, ಗೊತ್ತಿಲ್ಲದ ಹೊಲ, ಪಕ್ಕದಲ್ಲಿ ಲಾರಿಗಳು. ನಾನು ಒಂಬತ್ತು ದಿನ ಸರಪಳಿ ಹಿಡಿದು ಮಾಡಲಾಗದ್ದನ್ನು ಆಕೆ ಏನನ್ನೂ ಕಲಿಸಬೇಕೆಂಬ ಯೋಚನೆಯಿಲ್ಲದೆ ಮಾಡಿದ್ದಳು. ಬದುವಿನ ಮೇಲೆ ಕೂತೆ. ಮುಖ ಬಿಸಿಲಿಗಿಂತ ಹೆಚ್ಚು ಸುಡುತ್ತಿತ್ತು.

ಅಷ್ಟರಲ್ಲಿ ಆಕೆಯ ಗಂಡ ಬಂದ. ವಿಷಯ ತಿಳಿದು, ಒಳ್ಳೆಯ ಮನಸ್ಸಿನಿಂದಲೇ ಹೇಳಿದ: "ಟಗರ ಹಿಡ್ಯೋ ಹಗ್ಗ ಅದ. ಇಬ್ರೂ ಕೂಡಿ ಹಿಡದ್ರ ಒಂದು ಗಳಿಗಿ ಕೆಲ್ಸ. ಕಾಲ ಕಟ್ಟಿ ಕೊಡ್ತೇನಿ, ಒಯ್ಯಿ."

ಹಗ್ಗವನ್ನು ಕೈಗೆ ತೆಗೆದುಕೊಂಡೆ. ಅದರ ಕುಣಿಕೆ ಸಡಿಲಿಸಿ ಬಿಗಿಸಿ ನೋಡಿದೆ. ಹೀಗೆ ಮಾಡಿದರೆ ಸಂಜೆಯೊಳಗೆ ಬೀದರ್ ಸೇರಬಹುದು. ತಪ್ಪಿಸಿಕೊಂಡದ್ದು ಯಾರಿಗೂ ತಿಳಿಯುವುದಿಲ್ಲ. ಮೂರ್ನಾಲ್ಕು ದಿನ ಬಸ್ ಸ್ಟ್ಯಾಂಡಿಗೆ ಒಯ್ದರೆ ಅವನು ಮತ್ತೆ ಸುಮ್ಮನಾಗುತ್ತಾನೆ. ಟೀಚರ್ ಕೈಮುಗಿದು ಕರೆದುಕೊಂಡು ಹೋಗುತ್ತಾರೆ. ಇದೆಲ್ಲ ಆ ಹಗ್ಗ ಕೈಯಲ್ಲಿದ್ದ ಸ್ವಲ್ಪ ಹೊತ್ತಿನಲ್ಲಿ ನಾನು ಕೂಡಿ ಕಳೆದು ನೋಡಿದ್ದು. ತಲೆಯೆತ್ತಿದಾಗ ಭುರ್ಯಾ ತಿನ್ನುವುದನ್ನು ಬಿಟ್ಟು ನನ್ನ ಕೈಯನ್ನೇ ನೋಡುತ್ತಿದ್ದ. ಅರ್ಧ ರೊಟ್ಟಿ ಮುಂದೆಯೇ ಬಿದ್ದಿತ್ತು.

ಹಗ್ಗ ವಾಪಸ್ ಕೊಟ್ಟೆ. ಬದು ಇಳಿದು ಆ ಕಡೆ ಹೋಗಿ ಟೀಚರಿಗೆ ಫೋನ್ ಮಾಡಿದೆ. ಟೈರ್ ಒಡೆದದ್ದು, ನಾನು ಚಹಾಕ್ಕೆ ಹೋಗಿದ್ದು, ಎರಡು ದಿನ ಹೇಳಿದ ಸುಳ್ಳು, ಚಪಾತಿಯ ಮಾತು, ಎಲ್ಲ ಹೇಳಿದೆ.   

"ಜೀವಂತ ಅದಾನಿಲ್ರಿ?" ಎಂದಷ್ಟೇ ಕೇಳಿದರು.

"ಅದಾನ್ರಿ."

"ಅಲ್ಲೇ ಇರ್ರಿ. ಬರ್ತೇನಿ. ಅಂವನ್ನ ಮುಟ್ಟಬ್ಯಾಡ್ರಿ."

ಒಂದೂವರೆ ತಾಸಿನಲ್ಲಿ ಬಾಡಿಗೆ ಕಾರಿನಲ್ಲಿ ಬಂದರು. ಭುರ್ಯಾ ಅವರ ದನಿ ಕೇಳಿ ಹೊಟ್ಟೆಯ ಮೇಲೆ ತೆವಳುತ್ತ ಹೋಗಿ ಅವರ ಸೀರೆಯೊಳಗೆ ಮುಖ ಹುದುಗಿಸಿದ. ಅವರು ಹೊಲದಲ್ಲೇ ಕೂತುಬಿಟ್ಟರು. ನನ್ನನ್ನು ಬೈಯಲಿಲ್ಲ. ಅವನ ಕೊರಳಿನಲ್ಲಿ ಸರಪಳಿ ಉಜ್ಜಿ ಕೂದಲು ಹೋದ ಗುರುತಿನ ಮೇಲೆ ಬೆರಳಾಡಿಸುತ್ತ, ತಲೆಯೆತ್ತದೆ ಕೇಳಿದರು: "ಆ ಬಸ್ ಸ್ಟ್ಯಾಂಡ್ ವಿಡಿಯೋದಾಗ ಇಂವ ಅಂಜಿದ್ನೇನ್ರಿ?"

"ಹೌದ್ರಿ."

"ನನಗೂ ಹಂಗ ಅನಿಸಿತ್ತು. ಮನ್ಯಾಗ ಅಂವ ಎಂದೂ ಹಂಗ ಮಲಗಂಗಿಲ್ಲ. ನೀವು ಕಲ್ತವ್ರು, ನನಗೇನ್ ತಿಳೀತದ ಅಂತ ಸುಮ್ನಾದೆ."

ಅವರು ಬೈದಿದ್ದರೆ ಇಷ್ಟು ನೋಯುತ್ತಿರಲಿಲ್ಲ. ನನ್ನ ಮೇಲಿನ ನಂಬಿಕೆಯಿಂದ ಅವರು ತಮ್ಮ ಕಣ್ಣನ್ನೇ ನಂಬದೆ ಹೋಗಿದ್ದರು.

ಕಾರು ಹತ್ತಿಸುವುದು ಇನ್ನೊಂದು ಕಷ್ಟ. ಆ ಹೆಂಗಸು ತನ್ನ ಹಳೇ ಕಂಬಳಿಯ ತುಂಡೊಂದನ್ನು ತಂದುಕೊಟ್ಟಳು. ಟೀಚರ್ ಆಕೆ ಮಾಡಿದ ಹಾಗೆಯೇ ಝಾಡಿಸಿ, ಕಾರಿನಿಂದ ದೂರದಲ್ಲಿ ಹಾಸಿ, ರೊಟ್ಟಿ ಕೊಟ್ಟರು. ಆಮೇಲೆ ಹತ್ತು ಹೆಜ್ಜೆ ಹತ್ತಿರ, ಮತ್ತೆ ಅದೇ. ಆಮೇಲೆ ಕಾರಿನ ಬಾಗಿಲ ಬಳಿ, ಕೊನೆಗೆ ಸೀಟಿನ ಮೇಲೆ. ಒಂದು ತಾಸಿಗೂ ಹೆಚ್ಚು ಹಿಡಿಯಿತು. ಭುರ್ಯಾ ತಾನೇ ಹತ್ತಿದ.

ಮರುದಿನ ಟೀಚರ್ ನನ್ನನ್ನು ಕರೆಸಿದರು. ಮತ್ತೆ ಕರೆಸುತ್ತಾರೆಂದು ನಾನು ಎಣಿಸಿರಲಿಲ್ಲ. "ಇನ್ನ ಐದು ವಾರ ಅದ. ನನಗ ಬ್ಯಾರೆ ಯಾರೂ ಗೊತ್ತಿಲ್ರಿ. ನೀವು ಹೇಳ್ರಿ, ನಾನು ಮಾಡ್ತೇನಿ. ಹಗ್ಗ ಮಾತ್ರ ನನ್ ಕೈಯಾಗ ಇರ್ತದ," ಎಂದರು.

ನಾವಿಬ್ಬರೂ ಕೂತು ಕ್ರಮ ಕಟ್ಟಿದೆವು. ಮೊದಲನೆಯದು ಕಂಬಳಿ. ಝಾಡಿಸುವುದು, ಹಾಸುವುದು, ತಿನಿಸುವುದು. ಮನೆಯೊಳಗೆ ದಿನಕ್ಕೆ ನಾಲ್ಕು ಸಲ. ಎರಡನೆಯದು ಎಣಿಕೆ. ನಡೆಯುವಾಗ ಟೀಚರ್ ಒಂದೇ ದನಿಯಲ್ಲಿ "ಒಂದು, ಎರಡು, ಮೂರು" ಎನ್ನಬೇಕು. ಮೂರು ಎಂದೊಡನೆ ಬೇಯಿಸಿದ ಕೋಳಿ ಲಿವರಿನ ಕಡಲೆಕಾಳಿನಷ್ಟು ಚೂರು ಮೊಣಕಾಲ ಪಕ್ಕದಲ್ಲಿ ಸಿಗಬೇಕು. ಅವನು ಕೂರಲಿ, ನಿಲ್ಲಲಿ, ಬೊಗಳಲಿ, ಮೂರಕ್ಕೆ ಚೂರು ತಪ್ಪಬಾರದು. ಅದು ಅವನಿಗೆ ಕೊಡುವ ಬಹುಮಾನವಲ್ಲ, ಮಾತು ಉಳಿಸಿಕೊಳ್ಳುವುದು. ಮೂರನೆಯದು ಹೆಸರುಗಳು. ಕೊರಳಿನ ಬೆಲ್ಟ್ ಮುಟ್ಟುವ ಮೊದಲು "ಕೊಳ್ಳ", ಗೇಟು ತೆಗೆಯುವ ಮೊದಲು "ಬಾಗ್ಲಾ", ಗಾಡಿ ಚಾಲೂ ಆಗುವ ಮೊದಲು "ಗಾಡಿ", ಎಲ್ಲ ಮುಗಿದಾಗ "ಮುಗೀತು". ಹೇಳಿದ ಮೇಲೆ ಎರಡು ಉಸಿರಿನಷ್ಟು ಕಾದು ಆಮೇಲೆ ಮಾಡುವುದು. ಹೇಳುತ್ತಲೇ ಮಾಡಿದರೆ ಮಾತಿಗೆ ಅರ್ಥ ಉಳಿಯುವುದಿಲ್ಲ.

ಕೊನೆಯದನ್ನು ಹೇಳುವಾಗ ನನಗೆ ಮಾತು ತಡವರಿಸಿತು. ಅವನು ತಿರುಗಿ ಮನೆಯ ಕಡೆ ನೋಡಿದರೆ ಮನೆಗೆ ಬರಬೇಕು. ಅರ್ಧ ದಾರಿಯಲ್ಲಾದರೂ ಸರಿ, ಜಗ್ಗಬಾರದು. "ಹಿಂದಕ್ಕ ಬಂದ್ರ ಕಲಿಯೂದು ಹ್ಯಾಂಗ್ರಿ?" ಎಂದು ಟೀಚರ್ ಕೇಳಿದರು. "ವಾಪಸ್ ಹೋಗಬಹುದು ಅಂತ ಗೊತ್ತಾದ್ರನ ಮುಂದ ಹೋಗ್ತಾನ್ರಿ," ಎಂದೆ. ಈ ಮಾತು ನನಗೆ ಮೊದಲೂ ತಿಳಿದಿತ್ತು, ಎಲ್ಲೋ ಓದಿದ್ದೆ. ಸಮಯ ಹಿಡಿಯುತ್ತದೆಂದು ಪಕ್ಕಕ್ಕಿಟ್ಟಿದ್ದೆ.

ಬೆಳಿಗ್ಗೆ ಆರರಿಂದ ಎಂಟು, ಬಿಸಿಲೇರುವ ಮೊದಲು. ಟೀಚರ್ ವಿಜ್ಞಾನದವರು, ನೋಟ್‌ಬುಕ್ ಇಟ್ಟರು. ಗೇಟಿನಿಂದ ಎಷ್ಟು ಹೆಜ್ಜೆ, ಕಂಬಳಿ ಹಾಸಿದ ಮೇಲೆ ಎಷ್ಟು ಸೆಕೆಂಡಿಗೆ ಮೊದಲ ಚೂರು ತಿಂದ, ಬಾಲ ಎಲ್ಲಿತ್ತು. ಮೊದಲ ವಾರ ಓಣಿಯ ತಿರುವು ದಾಟಿದರು. ಎರಡನೇ ವಾರ ರಜೆಯಲ್ಲಿ ಖಾಲಿಯಿದ್ದ ಶಾಲೆಯ ಮೈದಾನದ ಅಂಚು. ಬೇರೆ ಕೆಲಸವಿಲ್ಲದ ದಿನ ನಾನೂ ಬಂದು ಇಪ್ಪತ್ತು ಹೆಜ್ಜೆ ಹಿಂದೆ ನಡೆಯುತ್ತಿದ್ದೆ.

ಆದರೆ ಏನೋ ಸರಿಹೋಗುತ್ತಿರಲಿಲ್ಲ. ಒಂದು ದಿನ ಐದು ಸೆಕೆಂಡಿಗೆ ತಿನ್ನುವವನು ಮರುದಿನ ಅದೇ ಜಾಗದಲ್ಲಿ ನಲವತ್ತು ಸೆಕೆಂಡಾದರೂ ತಿನ್ನುತ್ತಿರಲಿಲ್ಲ. ಬಿಸಿಲು ಎಂದೆ, ಹೊಟ್ಟೆ ಸರಿಯಿಲ್ಲ ಎಂದೆ, ಎಣಿಕೆ ಅವಸರದಲ್ಲಿ ಆಗುತ್ತಿದೆ ಎಂದೂ ಹೇಳಿದೆ. ತಪ್ಪನ್ನು ಟೀಚರಿನ ಮೇಲೆ ಹಾಕುವ ಚಟ ನನ್ನನ್ನು ಇನ್ನೂ ಬಿಟ್ಟಿರಲಿಲ್ಲ.

ಒಂದು ಬೆಳಿಗ್ಗೆ ಅವರು ನೋಟ್‌ಬುಕ್ ನನ್ನ ಮುಂದಿಟ್ಟರು. ಕೆಲವು ದಿನಗಳ ಪಕ್ಕದಲ್ಲಿ ಕೆಂಪು ಚುಕ್ಕಿ ಇತ್ತು.

"ತಪ್ಪು ತಿಳ್ಕೋಬ್ಯಾಡ್ರಿ ಸರ್. ಅಂವ ತಡಾ ಮಾಡಿ ತಿಂದ ದಿನಕ್ಕ ಚುಕ್ಕಿ ಹಾಕೀನಿ. ನೋಡ್ರಿ."

ನೋಡಿದೆ. ಕೆಂಪು ಚುಕ್ಕಿ ಇದ್ದದ್ದೆಲ್ಲ ನಾನು ಬಂದ ದಿನಗಳು. ನಾನು ಬಾರದ ಒಂದು ದಿನಕ್ಕೂ ಚುಕ್ಕಿ ಇರಲಿಲ್ಲ.

"ನಿಮ್ಮ ಬೈಕ್ ಆವಾಜ್ ಓಣಿ ತುದ್ಯಾಗ ಕೇಳ್ತಂದ್ರ ಅಂವ ಕಾಟ್ ಕೆಳಗ ಹೋಗ್ತಾನ್ರಿ. ಕೀಲಿ ಸಪ್ಪಳಕ್ಕೂ ಹಂಗ. ಹೇಳಬೇಕೋ ಬ್ಯಾಡೋ ಅಂತ ನಾಕು ದಿನ ಇಟ್ಕೊಂಡಿದ್ದೆ."

ಒಂಬತ್ತು ದಿನ ನಾನು ಒಂದು ಕ್ರಮವನ್ನು ತಪ್ಪದೆ ಪಾಲಿಸಿದ್ದೆ. ಬೈಕ್, ಕೀಲಿ, ಪೆಟ್ಟಿಗೆ, ಸರಪಳಿ, ಬಸ್ ಸ್ಟ್ಯಾಂಡ್. ಮುಂದೆ ಏನಾಗುತ್ತದೆ ಎಂದು ಅವನಿಗೆ ಸ್ಪಷ್ಟವಾಗಿ ಕಲಿಸಿದ್ದೆ. ಅವನು ಚೆನ್ನಾಗಿಯೇ ಕಲಿತಿದ್ದ. ಟೀಚರ್ ಚಹಾ ತಂದಿಟ್ಟಿದ್ದರು. ಕುಡಿಯಲಾಗಲಿಲ್ಲ. ಇದನ್ನು ಅಳಿಸಬೇಕೆಂದರೆ ತಿಂಗಳುಗಟ್ಟಲೆ ಬೇಕು, ನಮ್ಮ ಕೈಯಲ್ಲಿ ಮೂರು ವಾರವೂ ಇರಲಿಲ್ಲ.

"ನಾ ಬರೂದು ಬಿಡ್ತೇನ್ರಿ ಮೇಡಂ," ಎಂದೆ. "ನೀವು ವಿಡಿಯೋ ಕಳಸ್ರಿ. ಅಂವನ ಕಣ್ಣು ಕಾಣೂಹಂಗ, ಎದರಿನಿಂದ. ಫೋನ್‌ದಾಗ ಹೇಳ್ತೇನಿ."

ಅಂದು ಬೈಕನ್ನು ಓಣಿಯ ತುದಿಯವರೆಗೆ ತಳ್ಳಿಕೊಂಡು ಹೋಗಿ ಆಮೇಲೆ ಚಾಲೂ ಮಾಡಿದೆ.

ನಂತರದ ಕೆಲಸವೆಲ್ಲ ಟೀಚರ್ ಮಾಡಿದ್ದು. ಮೇ ಕೊನೆಯ ವಾರ ಔರಾದಿನ ಮನೆಗೆ ಮೊದಲ ಸಲ ಒಯ್ದರು. ಖಾಲಿ ಮನೆ. ಕಂಬಳಿ ಝಾಡಿಸಿ ಹಾಸಿ, ಹತ್ತು ನಿಮಿಷ ಕೂತು, "ಮುಗೀತು" ಎಂದು ಬೀದರಿಗೆ ವಾಪಸ್. ಅಷ್ಟಕ್ಕೇ ಅಷ್ಟು ದೂರ ಹೋಗಿ ಬಂದದ್ದು. ಎರಡನೇ ಸಲ ಅರ್ಧ ತಾಸು. ಮೂರನೇ ಸಲ ಹೋದಾಗ ಮನೆಯ ಮುಂದೆಯೇ ಮದುವೆ ಮೆರವಣಿಗೆ ಬಂತು. ಬ್ಯಾಂಡು, ಪಟಾಕಿ. ಭುರ್ಯಾ ಕಂಬಳಿ ಬಿಟ್ಟು ಬಚ್ಚಲಿಗೆ ನುಗ್ಗಿ ಮೂಲೆಗೆ ಅಂಟಿಕೊಂಡ. ಟೀಚರ್ ಆ ಮಧ್ಯಾಹ್ನ ನನಗೆ ಫೋನ್ ಮಾಡಿದರು.

"ಎಲ್ಲಾ ಹಾಳಾಯ್ತು ಅಂದ್ಕೊಂಡೆ ಸರ್. ಅಂವನ್ನ ಎಳಿಬಾರ್ದು ಅಂತ ಗೊತ್ತಿತ್ತು. ಏನ್ ಮಾಡ್ಲಿ ಅಂತ ತಿಳೀಲಿಲ್ಲ. ಕಂಬಳಿ ಮ್ಯಾಲ ಕೂತು ಸುಮ್ನ ಎಣಸ್ಕೋತ ಇದ್ದೆ. ನನ್ನ ಧೈರ್ಯಕ್ಕ. ಒಂದು, ಎರಡು, ಮೂರು. ಮತ್ತ ಒಂದು, ಎರಡು, ಮೂರು. ಎಷ್ಟು ಸಲ ಅಂದೆನೋ. ನೋಡ್ತೇನಿ, ಮೊಣಕಾಲ ಹತ್ರ ಮೂಗು!"

 "ಚೂರು ಕೊಟ್ರಿಲ್ರಿ?" ಎಂದು ಕೇಳಿದೆ.

"ಕೊಡದಂಗ ಇರ್ತೇನೇನ್ರಿ? ಮೂರು ಅಂದೀನಲ್ಲ," ಎಂದರು.

ಶಾಲೆ ಶುರುವಾಗುವ ನಾಲ್ಕು ದಿನ ಮೊದಲು ಇಬ್ಬರೂ ಔರಾದಿಗೆ ಹೋದರು. ಮೊದಲೆರಡು ದಿನ ಭುರ್ಯಾ ನೀರು ಕಡಿಮೆ ಕುಡಿದ, ಅಂಗಳಕ್ಕೆ ಬರಲಿಲ್ಲ. ಮೂರನೇ ದಿನ ಬಂದ. ಒಂದು ವಾರ ಕಳೆದ ಮೇಲೆ ಟೀಚರ್ ಕಳಿಸಿದ ವಿಡಿಯೋದಲ್ಲಿ ಅವನು ಅಂಗಡಿ ಸಾಲಿನ ಒಂದು ಕಟ್ಟೆಯ ಪಕ್ಕ, ಕಂಬಳಿಯ ಮೇಲೆ, ಒಂದು ಪಕ್ಕಕ್ಕೆ ಹೊರಳಿ ಕಾಲು ಚಾಚಿ ಮಲಗಿದ್ದ. ಟಂಟಂ ಆಟೋ ಒಂದು ಸದ್ದು ಮಾಡುತ್ತ ಹೋಯಿತು. ಒಂದು ಕಿವಿ ಎತ್ತಿ ಇಳಿಸಿದ. ಟೀಚರ್ ನನ್ನನ್ನು ಊಟಕ್ಕೆ ಕರೆದರು. ಹೋಗಲಿಲ್ಲ. ಕಾರಣ ಅವರಿಗೂ ಗೊತ್ತಿತ್ತು, ಒತ್ತಾಯ ಮಾಡಲಿಲ್ಲ.

ಆ ವಿಡಿಯೋ ನೋಡಿದ ಮೇಲೆ ನಾನು ಫೋನಿನಲ್ಲಿ ಹಳೇ ಗಿರಾಕಿಗಳ ಹೆಸರು ಹುಡುಕಿದೆ. ನಾನು ಅಂಜಿಕೆ ಮುರಿದುಕೊಟ್ಟ ನಾಯಿಗಳು. ನೆನಪಿಗೆ ಬಂದವು ಹನ್ನೊಂದು. ಎರಡು ದಿನ ಸುಮ್ಮನಿದ್ದೆ. ಮೂರನೇ ದಿನ ಮೊದಲ ಹೆಸರಿಗೆ ಫೋನ್ ಮಾಡಿದೆ. ಬೀದರಿನಲ್ಲೇ ಇರುವ, ನಿವೃತ್ತರಾದ ಒಬ್ಬ ಕ್ಲಾರ್ಕ್. ಅವರ ಬಿಳಿ ನಾಯಿ ಹೊರಗಿನವರನ್ನು ಕಂಡರೆ ಹೆದರಿ ಬೊಗಳುತ್ತಿತ್ತು. ಎರಡು ವರ್ಷದ ಹಿಂದೆ ನನ್ನ ಹತ್ತಿರ ಹನ್ನೆರಡು ದಿನ ಇತ್ತು.

ನನ್ನ ದನಿ ಕೇಳಿ ಅವರಿಗೆ ಖುಷಿಯಾಯಿತು. "ಅರೇ, ನೀವಾ! ಭಾಳ ಚಲೋ ಕಲಿಸಿದ್ರಿ. ಏನೂ ತ್ರಾಸ ಇಲ್ಲ ನೋಡ್ರಿ. ಬೊಗಳೂದೇ ಬಿಟ್ಟದ. ಯಾರರ ಬರ್ಲಿ, ಹೋಗ್ಲಿ, ಇಡೀ ದಿನ ಬಚ್ಚಲ ಮೂಲ್ಯಾಗ ಸುಮ್ನ ಬಿದ್ದಿರ್ತದ. ನಾವು ಊರಿಂದ ಬಂದ್ರೂ ಏಳಂಗಿಲ್ಲ. ಎಲ್ಲಾರಿಗೂ ನಿಮ್ಮ ಹೆಸರೇ ಹೇಳ್ತೇನಿ."

ನಾನು ಬೈಕಿನ ಪಕ್ಕದಲ್ಲಿ ನಿಂತಿದ್ದೆ. ಪಕ್ಕದ ಕಟ್ಟೆಯ ಮೇಲೆ ಕೂತೆ.

"ಸಾಹೇಬ್ರ," ಎಂದೆ, "ಅದು ಕಲ್ತದ್ದಲ್ರಿ. ಅಂಜಿ ಬಿದ್ದದ. ಹಂಗ ಮಾಡ್ದಾಂವ ನಾನೇ. ನಾಳಿ ಮುಂಜಾನಿ ಬರ್ತೇನಿ. ನಡಕೋತ ಬರ್ತೇನಿ. ಒಳಗ ಬರಂಗಿಲ್ಲ, ಗೇಟಿನ ಹೊರಗ ದೂರ ನಿಂತು ಹೇಳ್ತೇನಿ, ನೀವು ಮಾಡ್ರಿ. ಮನ್ಯಾಗ ಒಂದು ಹಳೇ ಕಂಬಳಿ ಇದ್ರ ತೆಗದಿಡ್ರಿ."